ಸಿಡಿಮದ್ದಿನಿಂದ ಮತಪೆಟ್ಟಿಗೆಗೆ: ವೆಸ್ಟರ್‌ವಿಲ್ ಕುಡಿತಕ್ಕೆ ಬಾಗಿಲು ತೆರೆದ ಕಥೆ

1875ರ ಬೇಸಿಗೆಯಲ್ಲಿ ಹೆನ್ರಿ ಕಾರ್ಬಿನ್ ಎಂಬ ವ್ಯಾಪಾರಿ ಅಮೆರಿಕದ ಓಹಿಯೋ ರಾಜ್ಯದ ವೆಸ್ಟರ್‌ವಿಲ್ ಎಂಬ ಹಳ್ಳಿಯಲ್ಲಿ ಹೆಂಡದಂಗಡಿ ತೆರೆದ. ಮೇನ್ ಮತ್ತು ನಾಕ್ಸ್ ಬೀದಿಗಳು ಕೂಡುವ ಮೂಲೆಯಲ್ಲಿ ಅವನ ಅಂಗಡಿ. ರಾಜ್ಯದ ರಾಜಧಾನಿ ಕೊಲಂಬಸ್ ಅಲ್ಲಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ದೂರ. ಕೊಲಂಬಸ್‌ನಲ್ಲಾಗಿದ್ದರೆ ಇನ್ನೊಂದು ಹೆಂಡದಂಗಡಿಯನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ವೆಸ್ಟರ್‌ವಿಲ್‌ನಲ್ಲಿ ಊರಿಗೆ ಊರೇ ಎದ್ದು ನಿಂತಿತು. ಚರ್ಚಿನ ಗಂಟೆಗಳು ಮೊಳಗಿದವು. ಜನ ಅಂಗಡಿಯ ಮುಂದೆ ಗುಂಪುಗೂಡಿ ಪ್ರಾರ್ಥಿಸಿದರು, ಕೀರ್ತನೆ ಹಾಡಿದರು, ಮುಚ್ಚಿಬಿಡು ಎಂದು ಬೇಡಿಕೊಂಡರು. ಕಾರ್ಬಿನ್ ಜಗ್ಗಲಿಲ್ಲ. ಕೊನೆಗೆ ಒಂದು ರಾತ್ರಿ ಯಾರೋ ಇಟ್ಟ ಸಿಡಿಮದ್ದು ಸಿಡಿದು ಆ ಕಟ್ಟಡ ಛಿದ್ರವಾಯಿತು.

ನಾಲ್ಕು ವರ್ಷಗಳ ಮೇಲೆ, 1879ರಲ್ಲಿ, ಕಾರ್ಬಿನ್ ಮತ್ತೆ ಬಂದ. ಈ ಸಲ ಕ್ಲೈಮರ್ ಹೌಸ್ ಎಂಬ ಹೋಟೆಲಿನಲ್ಲಿ ಮದ್ಯ ಮಾರಲು ಹೊರಟ. ಮತ್ತೆ ಪ್ರಾರ್ಥನೆ, ಮತ್ತೆ ಬೇಡಿಕೆ, ಮತ್ತೆ ಸಿಡಿಮದ್ದು. ಎರಡನೇ ಸ್ಫೋಟದ ನಂತರ ಅವನು ಆ ಊರಿನ ಹೆಂಡದ ವ್ಯಾಪಾರದ ಆಸೆಯನ್ನೇ ಬಿಟ್ಟ. ಸ್ಥಳೀಯ ಇತಿಹಾಸ ಈ ಎರಡು ಪ್ರಸಂಗಗಳನ್ನು 'ವಿಸ್ಕಿ ಕದನಗಳು' ಎಂದು ಕರೆಯುತ್ತದೆ.

ಮುಂದೆ ಇದೇ ಊರು ಇಡೀ ಅಮೆರಿಕದ ಬಾರುಗಳಿಗೆ ಬೀಗ ಹಾಕಿಸಿದ ಚಳವಳಿಯ ಕೇಂದ್ರವಾಯಿತು, 'ಜಗತ್ತಿನ ಪಾನನಿಷೇಧದ ರಾಜಧಾನಿ' ಎನ್ನಿಸಿಕೊಂಡಿತು. ಇವತ್ತು ಅದೇ ಊರಿನ ಹಳೇ ಪೇಟೆಯಲ್ಲಿ ಸಂಜೆಯಾದರೆ ಪಬ್ಬುಗಳ ದೀಪ ಹತ್ತುತ್ತವೆ. ಈ ಬದಲಾವಣೆ ಯಾವ ಹಾದಿಯಲ್ಲಿ ಬಂತು ಎಂಬುದೇ ಈ ಕಥೆಯ ತಿರುಳು. ಹೆಂಡದಂಗಡಿಗಳನ್ನು ಮುಚ್ಚಿಸಲು ಪಾನವಿರೋಧಿಗಳು ಯಾವ ಉಪಕರಣವನ್ನು ಹದಮಾಡಿ ಹಿಡಿದಿದ್ದರೋ, ಒಂದು ಶತಮಾನದ ನಂತರ ಅದೇ ಉಪಕರಣ ಆ ಬಾಗಿಲುಗಳನ್ನು ತೆರೆಯಿತು. ಅದು ನೆರೆಹೊರೆಯವರ ಮತ.

ಕಾಲೇಜು ಕಟ್ಟಿದ ಊರು

ಊರಿನ ಹಠದ ಬೇರು ಅದರ ಹುಟ್ಟಿನಲ್ಲೇ ಇತ್ತು. ನ್ಯೂಯಾರ್ಕ್ ಕಡೆಯಿಂದ ಬಂದು ನೆಲೆಸಿದ ಡಚ್ ಮೂಲದ ವೆಸ್ಟರ್‌ವೆಲ್ಟ್ ಮನೆತನದವರು ಶಾಲೆಗೆಂದು ಜಮೀನು ಬಿಟ್ಟುಕೊಟ್ಟರು. ಊರಿಗೆ ಅವರ ಹೆಸರೇ ನಿಂತಿತು. 1847ರಲ್ಲಿ ಯುನೈಟೆಡ್ ಬ್ರೆದ್ರನ್ ಎಂಬ ಕ್ರೈಸ್ತ ಪಂಥದವರು ಅಲ್ಲಿ ಆಟರ್‌ಬೈನ್ ಕಾಲೇಜನ್ನು ಆರಂಭಿಸಿದರು. ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆಯುವುದೇ ಅಪರೂಪವಾಗಿದ್ದ ಕಾಲದಲ್ಲಿ ಆಟರ್‌ಬೈನ್ ಮೊದಲಿನಿಂದಲೂ ಅವರನ್ನು ಗಂಡುಮಕ್ಕಳ ಜೊತೆಗೇ ಸೇರಿಸಿಕೊಂಡಿತು. ಗುಲಾಮಗಿರಿಯನ್ನು ಆ ಪಂಥ ಪಾಪವೆಂದೇ ಎಣಿಸಿತ್ತು. ಬಿಷಪ್ ವಿಲಿಯಂ ಹ್ಯಾನ್‌ಬಿ ಅವರ ಮನೆ ದಕ್ಷಿಣದ ರಾಜ್ಯಗಳಿಂದ ತಪ್ಪಿಸಿಕೊಂಡು ಬರುತ್ತಿದ್ದ ಗುಲಾಮರಿಗೆ ಅಡಗುದಾಣವಾಗಿತ್ತು. ಆ ಮನೆ ಈಗಲೂ ಸ್ಮಾರಕವಾಗಿ ಉಳಿದಿದೆ. ಗುಲಾಮಗಿರಿಯನ್ನು ವಿರೋಧಿಸಿದ ಮನಸ್ಸುಗಳೇ ಮದ್ಯವನ್ನೂ ವಿರೋಧಿಸಿದವು. 1858ರಲ್ಲಿ ವೆಸ್ಟರ್‌ವಿಲ್‌ಗೆ ಸ್ವಂತ ಸ್ಥಳೀಯಾಡಳಿತ ಬಂತು. ಮರುವರ್ಷವೇ ಮದ್ಯ ಮಾರಾಟವನ್ನು ನಿಷೇಧಿಸುವ ಕಟ್ಟಳೆ ಹೊರಟಿತು.

ಈ ವಿರೋಧವನ್ನು ಬರೀ ಮಡಿವಂತಿಕೆ ಎಂದು ತಳ್ಳಿಹಾಕುವುದು ಅನ್ಯಾಯ. ಆಗಿನ ಹೆಂಡದಂಗಡಿ ದುಡಿಯುವವನ ವಾರದ ಕೂಲಿ ಮನೆ ಮುಟ್ಟುವ ಮೊದಲೇ ಅದನ್ನು ನುಂಗುತ್ತಿತ್ತು. ಹೆಂಡತಿಗೆ ಮತದ ಹಕ್ಕಿರಲಿಲ್ಲ. ಕುಡುಕ ಗಂಡನನ್ನು ಬಿಟ್ಟು ಹೋದರೆ ಹೊಟ್ಟೆಗೆ ದಾರಿಯಿರಲಿಲ್ಲ. ಮೇಲಾಗಿ ಓಹಿಯೋದ 1851ರ ಸಂವಿಧಾನ ಮದ್ಯ ಮಾರಾಟಕ್ಕೆ ಲೈಸೆನ್ಸ್ ಕೊಡುವುದನ್ನೇ ನಿಷೇಧಿಸಿತ್ತು. ಸರ್ಕಾರ ಈ ವ್ಯಾಪಾರಕ್ಕೆ ಮುದ್ರೆ ಒತ್ತಬಾರದು ಎಂಬುದು ಅದರ ಉದ್ದೇಶ. ಆಚರಣೆಯಲ್ಲಿ ಅದು ತದ್ವಿರುದ್ಧವಾಯಿತು. ಲೈಸೆನ್ಸೇ ಇಲ್ಲವೆಂದ ಮೇಲೆ ಅದನ್ನು ರದ್ದು ಮಾಡುವ ಅಧಿಕಾರವೂ ಯಾರಿಗೂ ಇರಲಿಲ್ಲ, ಅಂಗಡಿಗಳು ಅಂಕೆಯಿಲ್ಲದೆ ಹೆಚ್ಚಿದವು.

1873ರ ಕ್ರಿಸ್‌ಮಸ್ ಮುನ್ನಾದಿನ ಓಹಿಯೋದ ಹಿಲ್ಸ್‌ಬರೋ ಪಟ್ಟಣದಲ್ಲಿ ಎಲೈಜಾ ಥಾಂಪ್ಸನ್ ಎಂಬ ಗೃಹಿಣಿಯ ಮುಂದಾಳತ್ವದಲ್ಲಿ ಹೆಂಗಸರು ಬೀದಿಗಿಳಿದರು. ಹೆಂಡದಂಗಡಿಗಳ ಬಾಗಿಲಲ್ಲಿ, ಕೆಲವೊಮ್ಮೆ ಒಳಗೇ ಹೋಗಿ, ಮೊಣಕಾಲೂರಿ ಪ್ರಾರ್ಥಿಸಿದರು. ಆ ಅಲೆ ಊರಿಂದೂರಿಗೆ ಹಬ್ಬಿತು. 1874ರ ನವೆಂಬರಿನಲ್ಲಿ ಕ್ಲೀವ್‌ಲೆಂಡ್‌ನಲ್ಲಿ ಮಹಿಳೆಯರ ಕ್ರೈಸ್ತ ಪಾನಸಂಯಮ ಸಂಘ ಹುಟ್ಟಿತು. ಕಾರ್ಬಿನ್ ವೆಸ್ಟರ್‌ವಿಲ್‌ನಲ್ಲಿ ಪೀಪಾಯಿಗಳನ್ನು ಇಳಿಸಿದ್ದು ಈ ಅಲೆ ಇನ್ನೂ ಇಳಿಯದಿದ್ದಾಗ. ಅವನ ಅಂಗಡಿಯ ಮುಂದೆ ನಡೆದ ಪ್ರಾರ್ಥನೆ ಹಿಲ್ಸ್‌ಬರೋದ ಮಾದರಿಯದೇ. ಸಿಡಿಮದ್ದು ಮಾತ್ರ ಆ ಮಾದರಿಯಲ್ಲಿರಲಿಲ್ಲ. ಅದು ಕಟ್ಟಡವನ್ನು ಉರುಳಿಸಿತು, ಆದರೆ ಬೇರೆ ಊರುಗಳಿಗೆ ಅದರಿಂದ ಕಲಿಯುವಂಥದ್ದೇನೂ ಇರಲಿಲ್ಲ. ಊರಿಂದೂರಿಗೆ ಒಯ್ಯಬಹುದಾದ ವಿಧಾನ ರೂಪುಗೊಳ್ಳಲು ಇನ್ನೂ ಹದಿನೆಂಟು ವರ್ಷ ಬೇಕಾಯಿತು.

ಮತಚೀಟಿಯ ಲೆಕ್ಕಾಚಾರ

1893ರ ಮೇ ತಿಂಗಳಲ್ಲಿ ಓಹಿಯೋದ ಓಬರ್ಲಿನ್‌ನಲ್ಲಿ ಪಾದ್ರಿ ಹಾವರ್ಡ್ ಹೈಡ್ ರಸೆಲ್ 'ಆಂಟಿ-ಸಲೂನ್ ಲೀಗ್' ಎಂಬ ಸಂಘಟನೆ ಕಟ್ಟಿದರು. ಅಲ್ಲಿ ಸಲೂನ್ ಎಂದರೆ ಹೆಂಡದಂಗಡಿ. 1895ರಲ್ಲಿ ಅದು ರಾಷ್ಟ್ರಮಟ್ಟದ ಸಂಘಟನೆಯಾಯಿತು. ಹಣ ಬರುತ್ತಿದ್ದದ್ದು ಚರ್ಚುಗಳಿಂದ. ಭಾನುವಾರದ ಪ್ರಾರ್ಥನೆಯ ನಂತರ ಲೀಗ್‌ನ ಭಾಷಣಕಾರ ಎದ್ದು ಮಾತಾಡುತ್ತಿದ್ದ, ಭಕ್ತರು ತಿಂಗಳಿಗಿಷ್ಟು ಎಂದು ವಂತಿಗೆ ಬರೆದುಕೊಡುತ್ತಿದ್ದರು. ಕೋಟ್ಯಧೀಶರ ದೇಣಿಗೆಗಿಂತ ಈ ಚಿಲ್ಲರೆ ವಂತಿಗೆಗಳ ಬಲ ದೊಡ್ಡದು. ಹಣ ಕೊಟ್ಟವನೇ ಮತದಾರನೂ ಆಗಿದ್ದ.

ಲೀಗ್‌ನ ಮೆದುಳಾಗಿ ಬೆಳೆದವನು ಓಬರ್ಲಿನ್‌ನ ವಿದ್ಯಾರ್ಥಿ ವೇಯ್ನ್ ವೀಲರ್. ಕಾಲೇಜಿನಲ್ಲಿದ್ದಾಗಲೇ ರಸೆಲ್ ಅವನನ್ನು ಆರಿಸಿಕೊಂಡಿದ್ದರು. ಕೆಲಸ ಮಾಡುತ್ತಲೇ ಕಾನೂನು ಓದಿ ಅವನು ವಕೀಲನಾದ. ವೀಲರನ ರಾಜಕೀಯ ಸೂತ್ರ ನೇರವಾಗಿತ್ತು. ಅಭ್ಯರ್ಥಿ ಯಾವ ಪಕ್ಷದವನು, ಖಾಸಗಿಯಾಗಿ ಕುಡಿಯುತ್ತಾನೋ ಇಲ್ಲವೋ ಎಂಬುದು ಲೀಗ್‌ಗೆ ಬೇಡ. ಶಾಸನಸಭೆಯಲ್ಲಿ ಮದ್ಯದ ವಿರುದ್ಧ ಕೈಯೆತ್ತುವನೇ ಎಂಬುದಷ್ಟೇ ಪ್ರಶ್ನೆ. ಎರಡು ಪಕ್ಷಗಳೂ ಸಮಬಲದಲ್ಲಿರುವ ಕ್ಷೇತ್ರದಲ್ಲಿ ನೂರಕ್ಕೆ ಐದಾರು ಮತಗಳನ್ನು ಈ ಕಡೆಯಿಂದ ಆ ಕಡೆಗೆ ವಾಲಿಸಬಲ್ಲವನೇ ಗೆಲುವನ್ನು ನಿರ್ಧರಿಸುತ್ತಾನೆ ಎಂಬ ಲೆಕ್ಕ ಅವನದು.

ಆ ಲೆಕ್ಕದ ಕೇಂದ್ರದಲ್ಲಿ 'ಸ್ಥಳೀಯ ಆಯ್ಕೆ'ಯ ಕಾನೂನಿತ್ತು. ತಮ್ಮ ಪ್ರದೇಶದಲ್ಲಿ ಮದ್ಯ ಮಾರಬಹುದೇ ಬಾರದೇ ಎಂದು ಅಲ್ಲಿಯ ಮತದಾರರೇ ತೀರ್ಮಾನಿಸುವ ವ್ಯವಸ್ಥೆ ಅದು. ಓಹಿಯೋದಲ್ಲಿ 1888ರಲ್ಲಿ ಗ್ರಾಮೀಣ ಟೌನ್‌ಶಿಪ್‌ಗಳಿಗೆ ಈ ಹಕ್ಕು ಬಂತು. 1902ರ ಬೀಲ್ ಕಾನೂನು ಅದನ್ನು ಪಟ್ಟಣಗಳಿಗೆ ವಿಸ್ತರಿಸಿತು. 1904ರಲ್ಲಿ ನಗರಗಳ ವಸತಿ ಬಡಾವಣೆಗಳಿಗೂ ಇದು ಸಿಗಬೇಕೆಂದು ಬ್ರಾನಕ್ ಮಸೂದೆ ಬಂದಾಗ ಗವರ್ನರ್ ಮೈರನ್ ಹೆರಿಕ್ ಅದನ್ನು ಸಡಿಲಗೊಳಿಸಿದ. ಹೆರಿಕ್ ಸಾಮಾನ್ಯ ಆಸಾಮಿಯಲ್ಲ. 1903ರಲ್ಲಿ ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದಿದ್ದ ರಿಪಬ್ಲಿಕನ್. 1905ರ ಚುನಾವಣೆಯಲ್ಲಿ ವೀಲರ್ ಅವನ ಬೆನ್ನು ಹತ್ತಿದ, ಚರ್ಚು ಚರ್ಚಿನಲ್ಲೂ ಅವನ ವಿರುದ್ಧ ಪ್ರಚಾರ ಮಾಡಿಸಿದ. ರಾಜ್ಯದ ಉಳಿದ ಹುದ್ದೆಗಳಿಗೆ ರಿಪಬ್ಲಿಕನ್ನರೇ ಗೆದ್ದರು. ಹೆರಿಕ್ ಒಬ್ಬನೇ ಸೋತ. ದೇಶದ ರಾಜಕಾರಣಿಗಳಿಗೆಲ್ಲ ಪಾಠ ಮುಟ್ಟಿತು. 1908ರ ರೋಸ್ ಕಾನೂನು ಇಡೀ ಕೌಂಟಿಗಳಿಗೆ, ಎಂದರೆ ಜಿಲ್ಲೆಗಳಿಗೆ, ಮತ ಹಾಕುವ ಹಕ್ಕು ಕೊಟ್ಟಿತು, ಓಹಿಯೋದ 88 ಕೌಂಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೌಂಟಿಗಳು ಬೇಗನೆ ಪಾನನಿಷೇಧದ ಕಡೆಗೆ ವಾಲಿದವು.

ಲೀಗ್‌ನ ನಿಜವಾದ ಶಕ್ತಿ ಇದ್ದದ್ದು ಇಲ್ಲಿ. ಒಂದು ಕೌಂಟಿ ತಾನಾಗಿಯೇ ಮತ ಹಾಕಿ ಹೆಂಡ ಬೇಡವೆಂದರೆ, ಅದನ್ನು ಜಾರಿಗೆ ತರುವ ಷೆರಿಫ್ ಕೂಡ ಅದೇ ಜನರ ಮತದಿಂದ ಬಂದವನು. ಕಳ್ಳ ಅಂಗಡಿಯ ಸುಳಿವು ಕೊಡಲು ನೆರೆಯವರೇ ಮುಂದಾಗುತ್ತಿದ್ದರು. ಕಾನೂನಿನ ಬೆನ್ನಿಗೆ ಒಪ್ಪಿಗೆ ಇತ್ತು.

ತಿಂಗಳಿಗೆ 40 ಟನ್ ಕಾಗದ

1909ರಲ್ಲಿ ಲೀಗ್ ತನ್ನ ಮುದ್ರಣಾಲಯಕ್ಕೆ ಮನೆ ಹುಡುಕಿದಾಗ ವೆಸ್ಟರ್‌ವಿಲ್ ಸಹಜವಾದ ಆಯ್ಕೆಯಾಯಿತು. ಸಿಡಿಮದ್ದಿನ ಹೆಸರು ಊರಿಗೆ ಮೊದಲೇ ಇತ್ತು. ರಾಜ್ಯದ ಶಾಸನಸಭೆ ಇರುವ ಕೊಲಂಬಸ್ ಹತ್ತಿರ. ಅಮೆರಿಕನ್ ಇಷ್ಯೂ ಪಬ್ಲಿಷಿಂಗ್ ಕಂಪನಿ ಎಂಬ ಹೆಸರಿನಲ್ಲಿ ಅಚ್ಚಿನ ಯಂತ್ರಗಳು ಹಗಲಿರುಳು ಓಡತೊಡಗಿದವು. ಪತ್ರಿಕೆಗಳು, ಕರಪತ್ರಗಳು, ಅಂಕಿಸಂಖ್ಯೆಗಳ ವಾರ್ಷಿಕಗಳು, ಗೋಡೆಗೆ ಅಂಟಿಸುವ ಭಿತ್ತಿಪತ್ರಗಳು, ವಲಸೆಗಾರರಿಗಾಗಿ ಬೇರೆ ಬೇರೆ ಭಾಷೆಗಳ ಪ್ರಕಟಣೆಗಳು. ಸುಮಾರು 2,000 ಜನರ ಊರಿನಿಂದ ತಿಂಗಳಿಗೆ 40 ಟನ್‌ಗೂ ಮಿಗಿಲಾದ ಮುದ್ರಿತ ಸಾಮಗ್ರಿ ಅಂಚೆಯಲ್ಲಿ ಹೊರಡುತ್ತಿತ್ತು. ದೇಶದಲ್ಲೇ ಪ್ರಥಮ ದರ್ಜೆಯ ಅಂಚೆ ಕಚೇರಿ ಪಡೆದ ಅತಿ ಚಿಕ್ಕ ಊರು ವೆಸ್ಟರ್‌ವಿಲ್ ಎಂಬ ಹೆಸರು ಬಂತು.

ಆ ಭಿತ್ತಿಪತ್ರಗಳ ರೀತಿಯನ್ನು ಗಮನಿಸಬೇಕು. ನರಕದ ಬೆಂಕಿಯ ಮಾತು ಅವುಗಳಲ್ಲಿ ಕಡಿಮೆ. ಕಾರ್ಖಾನೆಯಲ್ಲಿ ಕುಡಿದ ಕೈಗೆ ಆಗುವ ಅಪಘಾತ, ರೋಗಗಳ ಲೆಕ್ಕ, ಜೈಲು ಮತ್ತು ಅನಾಥಾಲಯಗಳ ಖರ್ಚು, ಬಾರಿನ ಮಾಲೀಕನ ಮಕ್ಕಳ ಬೂಟು ಮತ್ತು ಗಿರಾಕಿಯ ಮಕ್ಕಳ ಬರಿಗಾಲು, ಇಂಥವು ಅವುಗಳ ವಿಷಯ. ದಪ್ಪ ಅಕ್ಷರ, ಒಂದು ಚಿತ್ರ, ಒಂದು ಅಂಕಿ. ಓದು ಬಾರದವನಿಗೂ ಅರ್ಥವಾಗಬೇಕೆಂಬುದು ಉದ್ದೇಶ. ಆಧುನಿಕ ಚುನಾವಣಾ ಪ್ರಚಾರದ ಅನೇಕ ತಂತ್ರಗಳನ್ನು ಈ ಪುಟ್ಟ ಊರಿನ ಮುದ್ರಣಾಲಯ ಮೊದಲೇ ಅಭ್ಯಾಸ ಮಾಡಿತ್ತು.

ಇದೆಲ್ಲದರ ಮೇಲ್ವಿಚಾರಣೆ ಅರ್ನೆಸ್ಟ್ ಚೆರಿಂಗ್ಟನ್‌ನದು. ಅವನೂ ಲೀಗ್‌ನ ಪ್ರಧಾನ ಸೂಪರಿಂಟೆಂಡೆಂಟ್ ಪರ್ಲಿ ಬೇಕರ್ ಮೊದಲಾದ ಮುಖಂಡರೂ ಕಾಲೇಜಿನ ಪಕ್ಕದಲ್ಲೇ ಸಾಲಾಗಿ ಮನೆ ಕಟ್ಟಿಕೊಂಡರು. 'ಟೆಂಪರೆನ್ಸ್ ರೋ' ಎಂದು ಆ ಸಾಲಿಗೆ ಹೆಸರು. ಮುಂದೆ ಇನ್ನೊಂದು ಕಾರಣಕ್ಕೆ ಈ ಹೆಸರು ಮತ್ತೆ ಬರಲಿದೆ.

ದೇಶಕ್ಕೇ ಬೀಗ

1913ರಲ್ಲಿ ಕೊಲಂಬಸ್‌ನಲ್ಲಿ ನಡೆದ ಸಮಾವೇಶದಲ್ಲಿ ಲೀಗ್ ತನ್ನ ಗುರಿಯನ್ನು ಬದಲಿಸಿತು. ಕೌಂಟಿ ಕೌಂಟಿ ಗೆಲ್ಲುವುದು ಸಾಕು, ಇನ್ನು ರಾಷ್ಟ್ರದ ಸಂವಿಧಾನಕ್ಕೇ ತಿದ್ದುಪಡಿ ಬೇಕು ಎಂದಿತು. ಸಮಯ ಅನುಕೂಲವಾಗಿತ್ತು. ಅದೇ ವರ್ಷ ಸಂವಿಧಾನದ 16ನೇ ತಿದ್ದುಪಡಿಯಿಂದ ಆದಾಯ ತೆರಿಗೆ ಬಂದು, ಮದ್ಯದ ತೆರಿಗೆಯ ಮೇಲೆ ಕೇಂದ್ರ ಬೊಕ್ಕಸದ ಅವಲಂಬನೆ ತಗ್ಗಿತು. 1914ರ ಡಿಸೆಂಬರಿನಲ್ಲಿ ಪ್ರತಿನಿಧಿ ಸಭೆಯಲ್ಲಿ ತಿದ್ದುಪಡಿಗೆ 197 ಮತ, ವಿರುದ್ಧ 190. ಬಹುಮತ ಸಿಕ್ಕಿತು, ಬೇಕಾದ ಮೂರನೇ ಎರಡರಷ್ಟು ಸಿಗಲಿಲ್ಲ.

ಮೊದಲ ಮಹಾಯುದ್ಧ ಉಳಿದ ಕೆಲಸ ಮಾಡಿತು. ಬಿಯರ್ ಕಂಪನಿಗಳ ಒಡೆಯರಲ್ಲಿ ಬಹುಪಾಲು ಜರ್ಮನ್ ಮೂಲದವರು. ಕೊಲಂಬಸ್‌ನ ದಕ್ಷಿಣ ಭಾಗದಲ್ಲಿ 1836ರಲ್ಲಿ ಲೂಯಿ ಹಾಸ್ಟರ್ ಸ್ಥಾಪಿಸಿದ ಬ್ರೂವರಿಯೂ ಅದರ ಸುತ್ತ ಬೆಳೆದ ಜರ್ಮನ್ ಬಡಾವಣೆಯೂ ದಶಕಗಳ ಕಾಲ ನಗರದ ಹೆಮ್ಮೆಯಾಗಿದ್ದವು. ಯುದ್ಧದ ಉನ್ಮಾದದಲ್ಲಿ ಆ ಬಡಾವಣೆಯ ಬೀದಿಗಳ ಜರ್ಮನ್ ಹೆಸರುಗಳನ್ನೇ ಅಳಿಸಲಾಯಿತು. ಬಿಯರ್ ಕುಡಿಯುವುದು ದೇಶದ್ರೋಹ ಎಂಬ ಭಾವನೆ ಹುಟ್ಟಿಸಲು ಲೀಗ್ ಹಿಂಜರಿಯಲಿಲ್ಲ. ಅದರ ಇತಿಹಾಸದಲ್ಲಿ ಇದು ಒಪ್ಪಿಕೊಳ್ಳಲಾಗದ ಅಧ್ಯಾಯ. ಹೆಂಡದ ವಿರುದ್ಧದ ಹೋರಾಟ ವಲಸೆಗಾರರ ವಿರುದ್ಧದ ದ್ವೇಷಕ್ಕೆ ಕೈಜೋಡಿಸಿದ್ದು ಆಗ.

1919ರ ಜನವರಿ 16ಕ್ಕೆ ಸಾಕಷ್ಟು ರಾಜ್ಯಗಳ ಒಪ್ಪಿಗೆ ಸಿಕ್ಕಿ 18ನೇ ತಿದ್ದುಪಡಿ ಸಂವಿಧಾನ ಸೇರಿತು. ಓಹಿಯೋದ ಶಾಸನಸಭೆಯೂ ಒಪ್ಪಿತ್ತು. ಆದರೆ ಶಾಸಕರು ಒಪ್ಪಿದ ತಿದ್ದುಪಡಿಯನ್ನು ಜನಮತಗಣನೆಗೆ ಒಡ್ಡುವ ಅವಕಾಶ ರಾಜ್ಯದ ಸಂವಿಧಾನದಲ್ಲಿತ್ತು. 1919ರ ನವೆಂಬರಿನಲ್ಲಿ ಜನ ಮತ ಹಾಕಿದರು. ಲೀಗ್‌ನ ತವರುರಾಜ್ಯದಲ್ಲಿ ತಿದ್ದುಪಡಿ 479 ಮತಗಳಿಂದ ಸೋತಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಸಂವಿಧಾನದ ತಿದ್ದುಪಡಿಯನ್ನು ಒಪ್ಪುವ ಅಧಿಕಾರ ಶಾಸನಸಭೆಗಳದ್ದು, ಅದನ್ನು ಜನಮತಗಣನೆಗೆ ಒಡ್ಡುವಂತಿಲ್ಲ ಎಂದು 1920ರ ಜೂನಿನಲ್ಲಿ ಕೋರ್ಟು ತೀರ್ಪಿತ್ತಿತು. ಕಾನೂನಿನ ದೃಷ್ಟಿಯಿಂದ ತೀರ್ಪು ಗಟ್ಟಿ. ಆದರೆ ನೆರೆಹೊರೆಯ ಮತವನ್ನೇ ನೆಚ್ಚಿ ಬೆಳೆದ ಲೀಗ್ ಅಂದು ಅದೇ ಮತವನ್ನು ಬದಿಗೊತ್ತಿ ಗೆದ್ದಿತು. ಅದರ ಮುಂದಿನ ಪತನದ ಬೀಜ ಆ 479 ಮತಗಳಲ್ಲಿ ಇತ್ತೆಂದು ನನ್ನ ನಂಬಿಕೆ.

ಪುಸ್ಸಿಫುಟ್ ಜಾನ್ಸನ್ ಹಿಂದೂಸ್ಥಾನದಲ್ಲಿ

ಅಮೆರಿಕವನ್ನು ಗೆದ್ದ ಮೇಲೆ ಲೀಗ್‌ನ ಕಣ್ಣು ಜಗತ್ತಿನ ಮೇಲೆ ಬಿತ್ತು. 1919ರಲ್ಲಿ ಮದ್ಯವಿರೋಧಿ ವಿಶ್ವ ಲೀಗ್ ಹುಟ್ಟಿತು, ಅದರ ಸೂತ್ರವೂ ಚೆರಿಂಗ್ಟನ್‌ನ ಕೈಗೆ ಬಂತು. ಹೊರದೇಶಗಳಲ್ಲಿ ಪ್ರಚಾರಕ್ಕೆ ಹೊರಟವರಲ್ಲಿ ಹೆಸರುವಾಸಿ ವಿಲಿಯಂ ಯೂಜಿನ್ ಜಾನ್ಸನ್. ಮೂಲನಿವಾಸಿಗಳ ಪ್ರದೇಶದಲ್ಲಿ ಕಳ್ಳಮದ್ಯ ಹಿಡಿಯುವ ಅಧಿಕಾರಿಯಾಗಿದ್ದಾಗ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಎರಗುತ್ತಿದ್ದನೆಂದು 'ಪುಸ್ಸಿಫುಟ್' ಎಂಬ ಅಡ್ಡಹೆಸರು ಬಿದ್ದಿತ್ತು. ನಂತರ ವೆಸ್ಟರ್‌ವಿಲ್‌ನ ಮುದ್ರಣಾಲಯದಲ್ಲಿ ಪತ್ರಿಕೆಗಳ ಸಂಪಾದಕನಾಗಿದ್ದ. 1919ರ ನವೆಂಬರಿನಲ್ಲಿ ಲಂಡನ್ನಿನ ಸಭೆಯೊಂದರಿಂದ ವೈದ್ಯಕೀಯ ವಿದ್ಯಾರ್ಥಿಗಳು ಅವನನ್ನು ಹೊರಗೆಳೆದು ಬೀದಿಯಲ್ಲಿ ಮೆರವಣಿಗೆ ಮಾಡಿದರು. ಯಾರೋ ಎಸೆದ ವಸ್ತು ತಗಲಿ ಅವನ ಒಂದು ಕಣ್ಣು ಹೋಯಿತು.

1921ರಲ್ಲಿ ಜಾನ್ಸನ್ ಭಾರತಕ್ಕೆ ಬಂದ. ಅಸಹಕಾರ ಚಳವಳಿಯ ಬಿಸಿಯಲ್ಲಿ ಕಾಂಗ್ರೆಸ್ ಕಾರ್ಯಕರ್ತರು ಸೇಂದಿ, ಸಾರಾಯಿ ಅಂಗಡಿಗಳ ಮುಂದೆ ಪಿಕೆಟಿಂಗ್ ನಡೆಸುತ್ತಿದ್ದ ವರ್ಷ ಅದು. ಅಬಕಾರಿ ವರಮಾನ ಬ್ರಿಟಿಷ್ ಸರ್ಕಾರದ ದೊಡ್ಡ ಆದಾಯವಾಗಿದ್ದರಿಂದ ಹೆಂಡ ಬಿಡುವುದು ಸ್ವರಾಜ್ಯದ ಕೆಲಸವೇ ಆಗಿತ್ತು. ಜಾನ್ಸನ್ನನ ಭಾರತ ಪ್ರವಾಸದ ಬಗ್ಗೆ ತಾರಿಣಿ ಪ್ರಸಾದ್ ಸಿನ್ಹಾ ಬರೆದ ಇಂಗ್ಲಿಷ್ ಪುಸ್ತಕವನ್ನು ಮದರಾಸಿನ ಗಣೇಶ್ ಅಂಡ್ ಕಂಪನಿ 1922ರಲ್ಲಿ ಪ್ರಕಟಿಸಿತು. ಓಹಿಯೋದ ಕಾಲೇಜು ಊರೊಂದರ ಮಾತು ನಮ್ಮ ನೆಲದ ಚಳವಳಿಯವರೆಗೂ ಬಂದು ಮುಟ್ಟಿದ್ದಕ್ಕೆ ಆ ಪುಸ್ತಕ ಸಾಕ್ಷಿ.

ಒಪ್ಪಿಗೆ ಕಳೆದುಕೊಂಡ ಕಾನೂನು

1920ರ ಜನವರಿಯಿಂದ ದೇಶವೆಲ್ಲ ಕಾಗದದ ಮೇಲೆ ಪಾನಮುಕ್ತವಾಯಿತು. ಒಟ್ಟಾರೆ ಕುಡಿತ ಮೊದಲ ವರ್ಷಗಳಲ್ಲಿ ಗಣನೀಯವಾಗಿ ಇಳಿದದ್ದು ನಿಜ. ಆದರೆ ಒಪ್ಪದ ನಗರಗಳಲ್ಲಿ ಕಾನೂನನ್ನು ಎತ್ತಿಹಿಡಿಯುವವರಿರಲಿಲ್ಲ. ಷಿಕಾಗೊ, ನ್ಯೂಯಾರ್ಕ್‌ಗಳಲ್ಲಿ ಕಳ್ಳಬಾರುಗಳು ಬೆಳೆದವು, ಗ್ಯಾಂಗುಗಳು ಕೊಬ್ಬಿದವು, ಪೊಲೀಸರು ಲಂಚಕ್ಕೆ ಬಿದ್ದರು. ಕೈಗಾರಿಕೆಯ ಆಲ್ಕೋಹಾಲನ್ನು ಕುಡಿಯದಂತೆ ಮಾಡಲು ಸರ್ಕಾರ ಬೆರೆಸಿದ ವಿಷಕ್ಕೆ ಜನ ಬಲಿಯಾದಾಗಲೂ ವೀಲರ್ ಆ ನೀತಿಯನ್ನು ಸಮರ್ಥಿಸಿಕೊಂಡ. ತಾಯಂದಿರ ಕಣ್ಣೀರಿನಿಂದ ಹುಟ್ಟಿದ ಚಳವಳಿ ಅಷ್ಟು ಕಠೋರವಾದದ್ದು ಅದರ ಬೆಂಬಲಿಗರಿಗೂ ನೋವುಂಟುಮಾಡಿತು. 1927ರ ಸೆಪ್ಟೆಂಬರಿನಲ್ಲಿ ವೀಲರ್ ತೀರಿಕೊಂಡ. ಆರ್ಥಿಕ ಕುಸಿತ ಬಂದಾಗ ಸರ್ಕಾರಕ್ಕೆ ತೆರಿಗೆಯೂ ಜನರಿಗೆ ಕೆಲಸವೂ ಬೇಕಾಯಿತು. 1933ರ ಡಿಸೆಂಬರ್ 5ರಂದು 21ನೇ ತಿದ್ದುಪಡಿ ಪಾನನಿಷೇಧವನ್ನು ರದ್ದುಮಾಡಿತು. ಅಂದು ಕೊನೆಯ ಒಪ್ಪಿಗೆಗಳನ್ನು ಕೊಟ್ಟ ಮೂರು ರಾಜ್ಯಗಳಲ್ಲಿ ಓಹಿಯೋ ಒಂದು.

ವೆಸ್ಟರ್‌ವಿಲ್ ಮಾತ್ರ ಬದಲಾಗಲಿಲ್ಲ. ಮದ್ಯದ ಅಧಿಕಾರವನ್ನು 21ನೇ ತಿದ್ದುಪಡಿ ರಾಜ್ಯಗಳಿಗೆ ಮರಳಿಸಿತ್ತು, ಓಹಿಯೋ ಸ್ಥಳೀಯ ಆಯ್ಕೆಯನ್ನು ಉಳಿಸಿಕೊಂಡಿತು. ಊರು ತನ್ನ ಹಳೆಯ ತೀರ್ಮಾನಕ್ಕೇ ಅಂಟಿಕೊಂಡಿತು. ಲೀಗ್ ಸೊರಗಿ, ಹೆಸರು ಬದಲಿಸಿಕೊಂಡು, ಬೇರೆ ಸಂಸ್ಥೆಗಳಲ್ಲಿ ಕರಗಿತು. ಸ್ಟೇಟ್ ಸ್ಟ್ರೀಟಿನಲ್ಲಿದ್ದ ಅದರ ಕಚೇರಿಯ ಕಟ್ಟಡವೂ ಸಂಗ್ರಹವೂ ಊರಿನ ಸಾರ್ವಜನಿಕ ಗ್ರಂಥಾಲಯದ ಪಾಲಾದವು. ದೇಶ ಸೋತ ನಿಯಮ ಈ ಊರಿನಲ್ಲಿ ಇನ್ನೂ ಅರವತ್ತು ವರ್ಷ ಸಲೀಸಾಗಿ ನಡೆಯಿತು. ಒಪ್ಪಿದವರ ನಡುವೆ ಇದ್ದುದರಿಂದ ಅದಕ್ಕೆ ಪೊಲೀಸರ ಹಂಗೇ ಬೇಕಾಗಲಿಲ್ಲ.

ಕತ್ತಲಾದರೆ ಮುಚ್ಚುವ ಪೇಟೆ

ಎರಡನೇ ಮಹಾಯುದ್ಧದ ನಂತರ ಕೊಲಂಬಸ್ ಉತ್ತರಕ್ಕೆ ಹರಡಿತು. 1950ರಲ್ಲಿ ನಾಲ್ಕು ಸಾವಿರದ ಆಸುಪಾಸಿನಲ್ಲಿದ್ದ ವೆಸ್ಟರ್‌ವಿಲ್‌ನ ಜನಸಂಖ್ಯೆ 2000ದ ಹೊತ್ತಿಗೆ 35,000 ದಾಟಿತು. ಕಾಲೇಜಿನ ಹಳ್ಳಿ ನಗರದ ಸೆರಗಿನ ವಸತಿ ಪಟ್ಟಣವಾಯಿತು. ಬಂದವರಲ್ಲಿ ಹೆಚ್ಚಿನವರಿಗೆ ಕಾರ್ಬಿನ್‌ನ ಕಥೆ ಗೊತ್ತಿರಲಿಲ್ಲ. ಗೊತ್ತಾದದ್ದು ಒಂದೇ, ಊಟದ ಜೊತೆ ಒಂದು ಗ್ಲಾಸ್ ವೈನ್ ಬೇಕೆಂದರೆ ಕಾರು ಹತ್ತಿ ಊರಿನ ಗಡಿ ದಾಟಬೇಕು.

ಇದರ ಪೆಟ್ಟು ಬಿದ್ದದ್ದು ಅಪ್‌ಟೌನ್ ಎಂದು ಕರೆಯುವ ಹಳೇ ಪೇಟೆಗೆ. ಸ್ಟೇಟ್ ಸ್ಟ್ರೀಟಿನ ಎರಡೂ ಬದಿಯ ಇಟ್ಟಿಗೆಯ ಮಾಳಿಗೆ ಕಟ್ಟಡಗಳು ನೋಡಲು ಚೆಂದ. ಆದರೆ ರೆಸ್ಟೋರೆಂಟ್ ನಡೆಸುವವರ ಲೆಕ್ಕ ಬೇರೆ. ಅಡುಗೆಯ ಮೇಲಿನ ಲಾಭ ತೆಳು, ಪಾನೀಯದ ಮೇಲಿನ ಲಾಭ ದಪ್ಪ. ಅದಿಲ್ಲದೆ ಸಂಜೆಯ ಹೊತ್ತು ಅಂಗಡಿ ತೆರೆದಿಡುವುದು ಕಷ್ಟ. ಹೆದ್ದಾರಿ ಬದಿಯ ಮಾಲುಗಳು, 2001ರಲ್ಲಿ ಪಕ್ಕದಲ್ಲೇ ತೆರೆದ ಪೊಲಾರಿಸ್ ಎಂಬ ಭಾರಿ ಮಾಲು, ಗಿರಾಕಿಗಳನ್ನು ಸೆಳೆದವು. 1990ರ ದಶಕದಲ್ಲಿ ಪಟ್ಟಣ ಉತ್ತರದ ಜಮೀನುಗಳನ್ನು ತನ್ನ ಗಡಿಯೊಳಗೆ ಸೇರಿಸಿಕೊಂಡಾಗ ಮದ್ಯ ಮಾರುವ ಹೋಟೆಲುಗಳೂ ಜೊತೆಯಲ್ಲೇ ಒಳಬಂದವು. ಹೊಸ ಬಡಾವಣೆಯಲ್ಲಿ ಸಿಗುವ ಬಿಯರ್ ಹಳೇ ಪೇಟೆಯಲ್ಲಿ ಸಿಗುವುದಿಲ್ಲ ಎಂಬ ಸ್ಥಿತಿ ಹುಟ್ಟಿತು.

ಆಗ ಹಳೆಯ ಉಪಕರಣ ಮತ್ತೆ ಹೊರಬಂತು. ಓಹಿಯೋದ ಕಾನೂನಿನ ಪ್ರಕಾರ ಒಂದು ಮತಗಟ್ಟೆಯ ವ್ಯಾಪ್ತಿಯಲ್ಲಿ ಮದ್ಯದ ಪ್ರಶ್ನೆ ಎತ್ತಬೇಕಾದರೆ, ಕಳೆದ ಗವರ್ನರ್ ಚುನಾವಣೆಯಲ್ಲಿ ಅಲ್ಲಿ ಚಲಾವಣೆಯಾದ ಮತಗಳ ಶೇ. 35ರಷ್ಟು ಮತದಾರರ ಸಹಿ ಬೇಕು. ಮನೆ ಮನೆ ತಿರುಗಿ ಸಹಿ ಕೇಳಬೇಕು. ಬಿಯರ್‌ಗೆ, ವೈನ್‌ಗೆ, ಕಡುಮದ್ಯಕ್ಕೆ ಬೇರೆ ಬೇರೆ ಪ್ರಶ್ನೆ, ಭಾನುವಾರದ ಮಾರಾಟಕ್ಕೆ ಇನ್ನೊಂದು. ಒಂದೇ ಒಂದು ಅಂಗಡಿಯ ಹೆಸರು, ವಿಳಾಸ ಬರೆದು ಇಲ್ಲಿ ಮಾರಬಹುದೇ ಎಂದು ಕೇಳುವ ಮತವೂ ಉಂಟು. ರಾಷ್ಟ್ರದ ಸಂವಿಧಾನದಷ್ಟು ಎತ್ತರಕ್ಕೆ ಏರಿದ್ದ ಪ್ರಶ್ನೆ ಹೀಗೆ ಕೆಲವೇ ನೂರು ಮನೆಗಳ, ಒಂದು ಬೀದಿಮೂಲೆಯ ಪ್ರಶ್ನೆಯಾಗಿ ಇಳಿಯಿತು.

ಮತದಾರರು ಒಪ್ಪಿದರು. 2006ರ ಜನವರಿಯಲ್ಲಿ ಅಪ್‌ಟೌನಿನ ಮೈಕಲ್ಸ್ ಪಿಜ್ಜಾ ಎಂಬ ಸಣ್ಣ ಅಂಗಡಿಯಲ್ಲಿ ಕಾನೂನುಬದ್ಧವಾದ ಮೊದಲ ಬಿಯರ್ ಗ್ಲಾಸಿಗೆ ಇಳಿಯಿತು. ಕ್ಯಾಮೆರಾಗಳು ಬಂದವು, ದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. 1875ರಲ್ಲಿ ಗಂಟೆ ಬಾರಿಸಿದ ಊರಿನಲ್ಲಿ ಈ ಸಲ ಯಾರೂ ಗಂಟೆ ಬಾರಿಸಲಿಲ್ಲ. ಮುನಿಸಿಕೊಂಡ ಹಿರಿಯರಿದ್ದರು, ಆದರೆ ಮತದಲ್ಲಿ ಸೋತದ್ದನ್ನು ಅವರು ಒಪ್ಪಿಕೊಂಡರು.

ಈಗಿನ ಸಂಜೆಗಳು

ಮುಂದಿನ ವರ್ಷಗಳಲ್ಲಿ ಪೇಟೆಯ ರೂಪವೇ ಬದಲಾಯಿತು. ಓಲ್ಡ್ ಬ್ಯಾಗ್ ಆಫ್ ನೇಲ್ಸ್, ಜಿಮ್ಮಿ ವೀಸ್ ಮುಂತಾದ ಪಬ್ಬುಗಳು ಬಂದವು. ಆಸ್ಟರಿಸ್ಕ್ ಸಪ್ಪರ್ ಕ್ಲಬ್ ಎಂಬಲ್ಲಿ ಗೋಡೆಯ ತುಂಬ ಪುಸ್ತಕ, ಹಗಲು ಚಹಾ, ಸಂಜೆ ಕಾಕ್‌ಟೇಲ್. ಡೆಲಿ ಎಂಬ ಬಗೆಯ ಒಂದು ತಿಂಡಿಯಂಗಡಿಯ ಜೊತೆಗೆ ಶುರುವಾದ ಬಿಯರ್ ತಯಾರಿಕೆಗೆ 'ಟೆಂಪರೆನ್ಸ್ ರೋ' ಎಂದೇ ಹೆಸರಿಟ್ಟರು, ಲೀಗ್‌ನ ಮುಖಂಡರ ಮನೆಗಳ ಸಾಲಿನ ನೆನಪಿಗೆ. ಬೇಸಿಗೆಯ ತಿಂಗಳುಗಳಲ್ಲಿ ನಾಲ್ಕನೇ ಶುಕ್ರವಾರ ಬೀದಿಯಲ್ಲಿ ಹಬ್ಬ. ವಾಹನಗಳಿಲ್ಲದ ರಸ್ತೆಯಲ್ಲಿ ತಿಂಡಿಯ ಗಾಡಿಗಳು, ಕುಶಲಕರ್ಮಿಗಳ ಮಳಿಗೆಗಳು, ಹಾಡುವವರ ತಂಡಗಳು, ತಳ್ಳುಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ತಂದೆತಾಯಂದಿರು.

ಈ ರಾತ್ರಿಜೀವನ ದೊಡ್ಡ ನಗರಗಳದ್ದಲ್ಲ. ಬೆಳಗಿನ ಜಾವದವರೆಗೆ ಕುಣಿಯುವ ಕ್ಲಬ್ಬುಗಳ ಪೇಟೆ ಇದಾಗಲಿಲ್ಲ. ಊಟಕ್ಕೆ ಬಂದವರು ಒಂದೆರಡು ಗ್ಲಾಸ್ ಕುಡಿದು, ಮಾತಾಡಿ ಮನೆಗೆ ಹೋಗುವ ಊರು. ಪಬ್ಬುಗಳಿಂದ ಸ್ವಲ್ಪ ದೂರದಲ್ಲಿ, ಅದೇ ಸ್ಟೇಟ್ ಸ್ಟ್ರೀಟಿನ ಗ್ರಂಥಾಲಯದಲ್ಲಿ, ಲೀಗ್‌ನ ಭಿತ್ತಿಪತ್ರಗಳೂ ಪತ್ರಗಳೂ ಸುರಕ್ಷಿತವಾಗಿವೆ. ಊರು ತನ್ನ ಹಳೆಯ ನಂಬಿಕೆಯನ್ನು ಬಚ್ಚಿಡಲಿಲ್ಲ; ಅದನ್ನು ಜತನದಿಂದ ಕಾಯ್ದಿಟ್ಟು ಬಂದವರಿಗೆ ತೋರಿಸುತ್ತದೆ.

ಪಾನನಿಷೇಧದ ಚರ್ಚೆ ಎಲ್ಲ ಕಡೆಯೂ ಎರಡು ಬಣಗಳ ಬೈದಾಟದಲ್ಲಿ ಮುಗಿಯುತ್ತದೆ. ನಿಷೇಧ ಯಾವಾಗಲೂ ಸೋಲುತ್ತದೆ ಎಂದು ಒಬ್ಬರು, ಸರ್ಕಾರಕ್ಕೆ ಗಟ್ಟಿ ಮನಸ್ಸಿದ್ದರೆ ಗೆಲ್ಲುತ್ತದೆ ಎಂದು ಇನ್ನೊಬ್ಬರು. ವೆಸ್ಟರ್‌ವಿಲ್‌ನ ಇತಿಹಾಸ ಎರಡು ಮಾತನ್ನೂ ಸುಳ್ಳಾಗಿಸುತ್ತದೆ. ಇದೇ ನಿಷೇಧ ಷಿಕಾಗೊದಲ್ಲಿ ಹದಿಮೂರು ವರ್ಷವೂ ನೆಟ್ಟಗೆ ನಿಲ್ಲಲಿಲ್ಲ, ವೆಸ್ಟರ್‌ವಿಲ್‌ನಲ್ಲಿ ತಲೆಮಾರುಗಳ ಕಾಲ ನಿಂತಿತು. ಎರಡೂ ಕಡೆ ಪಾನೀಯ ಅದೇ. ಒಪ್ಪಿಗೆ ಬೇರೆ. ಕಾರ್ಬಿನ್‌ನ ಅಂಗಡಿಯ ಮುಂದೆ ಮೊಣಕಾಲೂರಿದ ಹೆಂಗಸರ ಸಂಕಟ ನಿಜವಾದದ್ದು, ಇವತ್ತಿಗೂ ಎಷ್ಟೋ ಮನೆಗಳಲ್ಲಿ ಜೀವಂತವಾಗಿರುವಂಥದ್ದು. ಬಾರುಗಳು ಬಂದ ಮಾತ್ರಕ್ಕೆ ಅದು ಹಳತಾಗುವುದಿಲ್ಲ.

ಆದ್ದರಿಂದ ಓಹಿಯೋದ ಕಾನೂನಿನ ಇನ್ನೊಂದು ಮುಖವನ್ನು ಹೇಳದೆ ಈ ಕಥೆ ಮುಗಿಯುವಂತಿಲ್ಲ. ಮದ್ಯಕ್ಕೆ ಹೌದೆಂದ ಮತಗಟ್ಟೆಯ ಜನ ಮತ್ತೆ ಸಹಿ ಸಂಗ್ರಹಿಸಿ, ಮತ್ತೆ ಮತ ಹಾಕಿ, ಬೇಡವೆನ್ನಲೂಬಹುದು. ತೆರೆದ ಬಾಗಿಲನ್ನು ಮುಚ್ಚುವ ಅಧಿಕಾರ ಅಲ್ಲಿಯೇ ವಾಸಿಸುವವರ ಕೈಯಲ್ಲಿ ಉಳಿದಿದೆ. ಅದು ಇರುವಷ್ಟು ಕಾಲ ಬಾರಿನ ಒಡೆಯ ಗಿರಾಕಿಯನ್ನಷ್ಟೇ ನೋಡಿದರೆ ಸಾಲದು, ಹಿಂದಿನ ಬೀದಿಯ ಮನೆಯವರ ನಿದ್ದೆಯನ್ನೂ ಮರ್ಯಾದೆಯನ್ನೂ ನೋಡಿಕೊಂಡು ವ್ಯಾಪಾರ ಮಾಡಬೇಕು. ಸಿಡಿಮದ್ದೂ ಸಂವಿಧಾನದ ತಿದ್ದುಪಡಿಯೂ ಸಾಧಿಸಲಾಗದ ಈ ಹದವನ್ನು ಆ ಊರಿನ ಜನ ಮತಗಟ್ಟೆಯಲ್ಲಿ ಸಾಧಿಸಿದ್ದಾರೆ. ಕುಡಿತದ ಬಗ್ಗೆ ಕಾನೂನು ಮಾಡುವ ಯಾವ ಸರ್ಕಾರವಾದರೂ ಅವರಿಂದ ಕಲಿಯಬೇಕಾದದ್ದು ಇದನ್ನೇ.